ನೊಗ ಕಾಣದ ಎತ್ತು, ಬಿಡುವು ಕಾಣದ ದೊರೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಕೊಂಡ್ಲಹಳ್ಳಿ ಎಂಬ ಊರಿದೆ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಆ ಊರಿನಲ್ಲಿ ಬಸ್ಸಿಗಾಗಿ ಕಾಯುತ್ತ ಕುಳಿತಿದ್ದೆ. ಶೇಂಗಾ ಕೀಳುವ ಕಾಲ. ಊರೆಂಬ ಊರೆಲ್ಲ ಹೊಲದಲ್ಲಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದವರು ಒಬ್ಬ ವಯಸ್ಸಾದ ರೈತರು. ಅವರ ಕೈ ಮೊಣಕಾಲಿನ ಮೇಲಿತ್ತು, ಕಣ್ಣು ದಾರಿಯ ಮೇಲಿತ್ತು. ಎರಡು ನಿಮಿಷಕ್ಕೊಮ್ಮೆ ಎದ್ದು ನೋಡಿ ಮತ್ತೆ ಕೂರುತ್ತಿದ್ದರು.

“ಯಾವೂರಿಗೆ ಹೊಂಟ್ರಿ ಸ್ವಾಮಿ?” ಎಂದು ಕೇಳಿದರು.

ಬ್ರಹ್ಮಗಿರಿಗೆ ಹೋಗುತ್ತೇನೆ, ಅಲ್ಲಿರುವ ಅಶೋಕ ಚಕ್ರವರ್ತಿಯ ಶಾಸನವನ್ನು ನೋಡಬೇಕು ಎಂದೆ.

“ಆ ಗುಂಡಿನ ಮ್ಯಾಲೆ ಏನು ಬರದೈತೆ?”

ಧರ್ಮದ ವಿಷಯ ಬರೆದಿದೆ, ಯಜಮಾನ್ರೇ. ದೊಡ್ಡವರು, ಸಣ್ಣವರು ಎಲ್ಲರೂ ಧರ್ಮಕ್ಕಾಗಿ ಪ್ರಯತ್ನ ಮಾಡಬೇಕೆಂದು ಒಬ್ಬ ದೊರೆ ಬರೆಸಿದ್ದಾನೆ ಎಂದೆ.

ಅವರು ನಕ್ಕರು. “ದೊರೆಗಾದ್ರೆ ಪುರುಸೊತ್ತು ಇರ್ತದೆ ಸ್ವಾಮಿ, ಬರಸ್ತಾನೆ. ನಮಗೆಲ್ಲೈತೆ? ಶೇಂಗಾ ಕೀಳೋ ಆಳು ಸಿಗವಲ್ರು, ಮೋಡ ಆಗೈತೆ. ದೇವ್ರಿಗೆ ಬಿಟ್ಟ ಹೋರಿ ಒಂದೈತೆ, ಅದಕ್ಕೆ ಒಂದು ಹೊರೆ ಮೇವು ಕಳಸಾಕೂ ಪುರುಸೊತ್ತಿಲ್ಲ” ಎಂದರು.

ಅಷ್ಟರಲ್ಲಿ ಅವರ ಬಸ್ಸು ಬಂದಿತು. ಅವರು ಹತ್ತಿ ಹೋದರು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೂವತ್ತು ವರ್ಷ ತರಗತಿಗಳಲ್ಲಿ ಅಶೋಕನ ಪಾಠ ಹೇಳಿದವನು ನಾನು. ಆದರೆ ಅಶೋಕನಿಗೆ ಪುರುಸೊತ್ತಿತ್ತೇ ಎಂಬ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಇಂದಿನ ಈ ಭಾಷಣ ಆ ಹಿರಿಯರಿಗೆ ನಾನು ತಡವಾಗಿ ಕೊಡುತ್ತಿರುವ ಉತ್ತರವೆಂದು ಕೇಳುಗರು ಭಾವಿಸಬಹುದು.

ಮೊಳಕಾಲ್ಮುರು ತಾಲ್ಲೂಕಿನಲ್ಲಿ ಅಶೋಕನ ಶಾಸನಗಳು ಮೂರು ಕಡೆ ಇವೆ: ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟ. ಮೂರೂ ಒಂದಕ್ಕೊಂದು ಸಮೀಪವೇ. ಮೈಸೂರು ಸಂಸ್ಥಾನದ ಶಾಸನಗಳನ್ನೆಲ್ಲ ಸಂಗ್ರಹಿಸಿದ ಬಿ. ಎಲ್. ರೈಸರು 1892ರಲ್ಲಿ ಇವನ್ನು ಪತ್ತೆಹಚ್ಚಿ ವಿದ್ವಾಂಸರ ಗಮನಕ್ಕೆ ತಂದರು. ಅದುವರೆಗೆ ಅಶೋಕನ ಆಳ್ವಿಕೆ ಇಷ್ಟು ದಕ್ಷಿಣಕ್ಕೆ ಹಬ್ಬಿತ್ತೆಂಬುದಕ್ಕೆ ಹೀಗೆ ಕಣ್ಣಿಗೆ ಕಾಣುವ ಸಾಕ್ಷ್ಯ ಇರಲಿಲ್ಲ. ಆಮೇಲೆ 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಅಶೋಕನ ಹೆಸರೇ ಇರುವ ಶಾಸನ ಸಿಕ್ಕಿತು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳು, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉಡೇಗೊಳಗಳು ಅನಂತರ ಬೆಳಕಿಗೆ ಬಂದವು. ಕನ್ನಡನಾಡಿನ ಬಂಡೆಗಳು ಅಶೋಕನನ್ನು ಇಷ್ಟೊಂದು ಕಡೆ ನೆನಪಿಟ್ಟಿವೆ.

ಬ್ರಹ್ಮಗಿರಿಯ ಶಾಸನ ಒಂದು ಸರ್ಕಾರಿ ಪತ್ರದ ರೂಪದಲ್ಲಿದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಎಂದರೆ ರಾಜಕುಮಾರ, ಮತ್ತು ಅಲ್ಲಿನ ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಬರೆದದ್ದು. ಇಸಿಲವೆಂದರೆ ಬ್ರಹ್ಮಗಿರಿಯ ಬುಡದಲ್ಲಿದ್ದ ಪಟ್ಟಣವೇ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಪತ್ರದ ಮೊದಲಲ್ಲಿ ಕುಶಲ ಪ್ರಶ್ನೆ. ಆಮೇಲೆ ಚಕ್ರವರ್ತಿಯ ಮಾತು. ಆ ಮಾತಿನ ಸಾರ ಹೀಗಿದೆ: ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಆದರೆ ಮೊದಲ ಒಂದು ವರ್ಷ ತಾನು ಹೆಚ್ಚೇನೂ ಶ್ರಮಪಡಲಿಲ್ಲ, ಸಂಘವನ್ನು ಸೇರಿ ಈಗ ಒಂದು ವರ್ಷಕ್ಕೂ ಮೇಲಾಯಿತು, ಈ ಅವಧಿಯಲ್ಲಿ ಚೆನ್ನಾಗಿ ಶ್ರಮಪಟ್ಟಿದ್ದೇನೆ ಎಂದು ಅವನು ಹೇಳುತ್ತಾನೆ.

ಈ ಮಾತಿನ ಮುಂದೆ ನಾವು ಸ್ವಲ್ಪ ನಿಲ್ಲಬೇಕು. ಇದು ಅಶೋಕನ ಶಾಸನಗಳಲ್ಲೆಲ್ಲ ಬಹಳ ಮೊದಲಿನದು. ಕ್ರಿಸ್ತಪೂರ್ವ 258ರ ಸುಮಾರಿನದೆಂದು ಲೆಕ್ಕ ಹಾಕುತ್ತಾರೆ. ಅಭಿಷೇಕವಾಗಿ ಎಂಟು ವರ್ಷಗಳಾಗಿದ್ದಾಗ ಕಳಿಂಗ ಯುದ್ಧ ನಡೆದಿತ್ತು. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಯಾಗಿ ಒಯ್ದರು ಎಂದು ಅವನೇ ಬೇರೊಂದು ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಅಂಥ ಪಶ್ಚಾತ್ತಾಪದ ಬೆನ್ನಿಗೇ ಧರ್ಮದ ಕಡೆ ತಿರುಗಿದವನು ಮೊದಲ ವರ್ಷ ಹೇಗೆ ಕಳೆದ? ನಮ್ಮ ಪಠ್ಯಪುಸ್ತಕಗಳ ಪ್ರಕಾರ ಕಳಿಂಗದ ರಣರಂಗದಲ್ಲಿ ಕತ್ತಿಯನ್ನು ಕೆಳಗಿಟ್ಟ ಕ್ಷಣದಲ್ಲಿ ಅವನು ಬೇರೆಯ ಮನುಷ್ಯನಾಗಿಬಿಟ್ಟ. ಬ್ರಹ್ಮಗಿರಿಯ ಬಂಡೆ ಹೇಳುವುದು ಅದಲ್ಲ. ಒಂದು ಇಡೀ ವರ್ಷ ಅವನ ಶ್ರದ್ಧೆ ಹೆಸರಿಗೆ ಮಾತ್ರ ಇತ್ತು. ಶ್ರದ್ಧೆ ಹುಟ್ಟಿದ್ದು ನಿಜ. ಆದರೆ ಅದು ನಡೆಯಲು ಕಲಿಯಲಿಲ್ಲ.

ಆ ಒಂದು ವರ್ಷ ಅವನು ಏನು ಮಾಡುತ್ತಿದ್ದಿರಬಹುದು? ಊಹಿಸುವುದು ಕಷ್ಟವಲ್ಲ. ಈಗಿನ ಅಫ್ಘಾನಿಸ್ತಾನದ ಕಂದಹಾರದಿಂದ ಮೊಳಕಾಲ್ಮುರಿನವರೆಗೆ ಹಬ್ಬಿದ್ದ ಸಾಮ್ರಾಜ್ಯ ಅದು. ಕಂದಾಯ, ನ್ಯಾಯ, ಗಡಿ, ರಸ್ತೆ, ಸೈನ್ಯ, ರಾಯಭಾರಿಗಳು, ಚಾಡಿಕೋರರು, ಬರಗಾಲ. ಅವನ ದಿನಚರಿ ಹೇಗಿತ್ತೆಂಬುದಕ್ಕೆ ಊಹೆಯೂ ಬೇಕಿಲ್ಲ, ಅವನದೇ ಮಾತಿದೆ. ಬಳ್ಳಾರಿಯಿಂದ ಪೂರ್ವಕ್ಕೆ ಹೋದರೆ ಗುತ್ತಿಯ ಹತ್ತಿರ ಎರ್ರಗುಡಿ ಸಿಗುತ್ತದೆ. ಅಲ್ಲಿ ಅವನ ಹದಿನಾಲ್ಕು ಪ್ರಧಾನ ಶಿಲಾಶಾಸನಗಳ ಸಾಲೇ ಇದೆ. ಅವುಗಳಲ್ಲಿ ಆರನೆಯದು ವರದಿಗಾರರನ್ನು ಕುರಿತದ್ದು. ಹಿಂದಿನ ಕಾಲದಲ್ಲಿ ಎಲ್ಲ ಹೊತ್ತಿನಲ್ಲೂ ರಾಜಕಾರ್ಯ ನಡೆಯುತ್ತಿರಲಿಲ್ಲ. ಇನ್ನು ಮೇಲೆ ತಾನು ಊಟ ಮಾಡುತ್ತಿರಲಿ, ಅಂತಃಪುರದಲ್ಲಿರಲಿ, ಮಲಗುವ ಮನೆಯಲ್ಲಿರಲಿ, ಪಲ್ಲಕ್ಕಿಯಲ್ಲಿರಲಿ, ತೋಟದಲ್ಲಿರಲಿ, ಜನರ ವಿಷಯವನ್ನು ತಂದು ತಿಳಿಸಬೇಕು ಎಂದು ಅವನು ಅಪ್ಪಣೆ ಮಾಡಿದ. ಆ ಪಟ್ಟಿಯಲ್ಲಿರುವ ಇನ್ನೊಂದು ಪದಕ್ಕೆ ಕೆಲವರು ದನದ ಹಟ್ಟಿ ಎಂದು ಅರ್ಥ ಮಾಡುತ್ತಾರೆ. ಎಷ್ಟು ದುಡಿದರೂ ತನಗೆ ತೃಪ್ತಿಯಿಲ್ಲ ಎಂದೂ ಅಲ್ಲಿಯೇ ಹೇಳಿಕೊಂಡಿದ್ದಾನೆ. ಊಟದ ಎಲೆಯ ಮುಂದೆಯೂ ಕಚೇರಿಯನ್ನು ತೆರೆದಿಟ್ಟವನು ಇವನು. ಇಂದು ಊಟ ಮಾಡುತ್ತಲೇ ದೂರವಾಣಿಗೆ ಉತ್ತರ ಕೊಡುವ ನಮ್ಮ ಅಧಿಕಾರಿಗಳಿಗೂ ವ್ಯಾಪಾರಿಗಳಿಗೂ ಅವನು ಹಿರಿಯಣ್ಣ.

ಆದ್ದರಿಂದ ಕೊಂಡ್ಲಹಳ್ಳಿಯ ಹಿರಿಯರ ಮಾತಿಗೆ ಮೊದಲ ಉತ್ತರ ಇದು: ಆ ದೊರೆಗೆ ಪುರುಸೊತ್ತು ಇರಲಿಲ್ಲ.

ಇದಕ್ಕಿಂತ ದೊಡ್ಡ ವಿಷಯವೊಂದಿದೆ. ಮೊದಲ ವರ್ಷದ ಸೋಲಿಗೆ ಅವನು ಕಾರಣ ಕೊಡುವುದಿಲ್ಲ. ರಾಜ್ಯಭಾರದ ಒತ್ತಡವಿತ್ತು, ವೇಳೆ ಸಾಲಲಿಲ್ಲ ಎಂಬ ಮಾತು ಆ ಬಂಡೆಯ ಮೇಲೆ ಎಲ್ಲಿಯೂ ಇಲ್ಲ. ಶ್ರಮಪಡಲಿಲ್ಲ ಎಂಬ ಒಂದೇ ಮಾತು ಇದೆ. ನಮ್ಮ ಪುರುಸೊತ್ತು ಎಂಬ ಶಬ್ದವೇ ಹೊರಗಿನಿಂದ ಬಂದದ್ದು; ಫುರ್ಸತ್ ಎಂಬುದರ ಕನ್ನಡ ರೂಪ ಅದು. ಶಬ್ದ ಬರುವುದಕ್ಕೆ ಮೊದಲೂ ಜನರಿಗೆ ಕೆಲಸ ಇದ್ದೇ ಇತ್ತು, ಬಿಡುವಿನ ಕೊರತೆಯೂ ಇದ್ದಿರಬೇಕು. ಆದರೆ ಅದನ್ನು ದೇವರ ಮುಂದೆ ಸಾಕ್ಷಿಯಾಗಿ ನಿಲ್ಲಿಸುವ ರೂಢಿ ನಮ್ಮಲ್ಲಿ ಬಲವಾದದ್ದು ಈಚೆಗೆ ಎಂದು ನನಗೆ ತೋರುತ್ತದೆ.

ಅಶೋಕ ಇಲ್ಲಿ ಮತ್ತೆ ಮತ್ತೆ ಬಳಸುವ ಮಾತು ‘ಪಕಮ’. ಸಂಸ್ಕೃತದ ಪ್ರಕ್ರಮ, ಪರಾಕ್ರಮ ಎಂಬ ಮಾತುಗಳ ನೆಂಟ ಇದು. ಹೆಜ್ಜೆ ಮುಂದಿಡುವುದು ಎಂಬುದು ಮೂಲಾರ್ಥ. ಯುದ್ಧದ ಅಂಗಳದ ಮಾತನ್ನು ಅವನು ಧರ್ಮದ ಅಂಗಳಕ್ಕೆ ತಂದ. ಇದು ದೊಡ್ಡವರಿಗೆ ಮಾತ್ರ ದಕ್ಕುವ ಫಲವಲ್ಲ. ಸಣ್ಣವನೂ ಹೆಜ್ಜೆಯಿಟ್ಟರೆ ವಿಪುಲವಾದ ಸ್ವರ್ಗವನ್ನು ಪಡೆಯಬಲ್ಲ ಎಂದು ಹೇಳಿದ. ಸಣ್ಣವನಿಗೆ ಅವನು ಬಳಸಿದ ಪದ ‘ಖುದಕ’, ಎಂದರೆ ಕ್ಷುದ್ರಕ. ಚಕ್ರವರ್ತಿಯೊಬ್ಬ ತನ್ನ ಸೋಲನ್ನು ಮೊದಲು ಒಪ್ಪಿಕೊಂಡು ಆಮೇಲೆ ಸಣ್ಣವನನ್ನು ಕರೆಯುವ ಈ ಕ್ರಮ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಉಪದೇಶ ಮಾಡುವವರು ಸಾಮಾನ್ಯವಾಗಿ ಈ ಕ್ರಮವನ್ನು ತಿರುವುಮುರುವು ಮಾಡುತ್ತಾರೆ.

ಇಷ್ಟಾದರೂ ಅವನನ್ನು ಪೂರ್ತಿ ಒಪ್ಪಿಬಿಡುವುದು ಇತಿಹಾಸದ ವಿದ್ಯಾರ್ಥಿಗೆ ಸಲ್ಲದು. ಅದೇ ಶಾಸನದಲ್ಲಿ ಅವನು ಲೆಕ್ಕವನ್ನೂ ಹಾಕುತ್ತಾನೆ. ಈ ವಿಷಯ ಬೆಳೆಯುತ್ತದೆ, ಕಡಿಮೆಯೆಂದರೆ ಒಂದೂವರೆ ಪಟ್ಟು ಬೆಳೆಯುತ್ತದೆ ಎನ್ನುತ್ತಾನೆ. ಘೋಷಣೆಯ ಕೊನೆಯಲ್ಲಿ 256 ಎಂಬ ಅಂಕಿ ಇದೆ. ಬ್ಯೂಲರ್ ಮೊದಲಾದ ಹಿಂದಿನ ವಿದ್ವಾಂಸರು ಇದನ್ನು ಬುದ್ಧನ ನಿರ್ವಾಣದಿಂದ ಲೆಕ್ಕ ಹಾಕಿದ ವರ್ಷ ಎಂದುಕೊಂಡರು. ಈಗ ಹೆಚ್ಚಿನವರು ಒಪ್ಪುವ ಅರ್ಥ ಬೇರೆ: ಮನೆಯಿಂದ ಹೊರಗೆ ಪ್ರವಾಸದಲ್ಲಿ ಕಳೆದ 256 ರಾತ್ರಿಗಳು. ಈ ಅರ್ಥ ಸರಿಯಾದರೆ, ಧರ್ಮವೂ ಅವನಿಗೆ ಇನ್ನೊಂದು ದಂಡಯಾತ್ರೆಯೇ ಆಯಿತು. ಯುದ್ಧಕ್ಕೆ ಓಡಾಡುತ್ತಿದ್ದವನು ಧರ್ಮಕ್ಕಾಗಿ ಓಡಾಡಿದ. ಓಟ ನಿಲ್ಲಲಿಲ್ಲ. ತಾನು ಪಟ್ಟ ಶ್ರಮವನ್ನು ಆಜ್ಞೆಯ ರೂಪದಲ್ಲಿ ರಾಜಕುಮಾರನಿಗೆ, ರಾಜಕುಮಾರನಿಂದ ಮಹಾಮಾತ್ರರಿಗೆ, ಮಹಾಮಾತ್ರರಿಂದ ಜನರಿಗೆ ಇಳಿಸಿದ. ಎರ್ರಗುಡಿಯ ಕಿರುಶಾಸನದಲ್ಲಂತೂ ಆನೆಯ ಸವಾರರು, ಕರಣಿಕರು, ರಥ ನಡೆಸುವುದನ್ನು ಕಲಿಸುವವರು, ಬ್ರಾಹ್ಮಣರು ತಮ್ಮ ತಮ್ಮ ಶಿಷ್ಯರಿಗೆ ಇದನ್ನು ಕಲಿಸಬೇಕೆಂಬ ಕಟ್ಟಳೆಯಿದೆ. ಕಸುಬಿನವರ ಕಸುಬಿನ ಒಳಗೇ ಧರ್ಮವನ್ನು ಇಡಬೇಕೆಂಬ ಯೋಚನೆ ಒಳ್ಳೆಯದೇ. ಆದರೆ ಮೇಲಿನಿಂದ ಇಳಿದ ಶ್ರದ್ಧೆ ಕೆಳಗೆ ತಲುಪುವ ಹೊತ್ತಿಗೆ ಕಡತವಾಗಿಬಿಡುವ ಅಪಾಯ ಅಂದೂ ಇತ್ತು, ಇಂದೂ ಇದೆ.

ಆ ಕಡತದ ನಡುವೆ ಒಬ್ಬ ಮನುಷ್ಯನ ಮುಖ ಕಾಣುತ್ತದೆ. ಬ್ರಹ್ಮಗಿರಿಯ ಶಾಸನದ ಕೊನೆಗೆ ಅದನ್ನು ಬರೆದ ಲಿಪಿಕಾರ ತನ್ನ ಹೆಸರು ಹಾಕಿಕೊಂಡಿದ್ದಾನೆ: ಚಪಡ. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದೆ. ಲಿಪಿಕಾರ ಎಂಬ ಒಂದು ಪದ ಮಾತ್ರ ಖರೋಷ್ಠಿಯಲ್ಲಿದೆ. ಖರೋಷ್ಠಿ ವಾಯವ್ಯ ಗಡಿನಾಡಿನ ಲಿಪಿ, ಬಲದಿಂದ ಎಡಕ್ಕೆ ಬರೆಯುವಂಥದು. ಈ ಸೀಮೆಯಲ್ಲಿ ಅದನ್ನು ಓದಬಲ್ಲವರು ಯಾರೂ ಇದ್ದಿರಲಾರರು. ಚಪಡ ಆ ಕಡೆಯಿಂದ ಬಂದವನೋ, ಆ ಕಡೆ ಕಲಿತವನೋ ಆಗಿರಬೇಕು. ಸಾವಿರಾರು ಮೈಲಿ ದೂರದ ಈ ಕಲ್ಲುನೆಲದಲ್ಲಿ, ಸರ್ಕಾರಿ ಕೆಲಸ ಮುಗಿದ ಮೇಲೆ, ತನಗೆ ಪ್ರಿಯವಾದ ಅಕ್ಷರಗಳಲ್ಲಿ ತನ್ನ ಕಸುಬಿನ ಹೆಸರನ್ನು ಅವನು ಬರೆದ. ಅದನ್ನು ಯಾರೂ ಅಪ್ಪಣೆ ಮಾಡಿರಲಿಲ್ಲ. ಇಡೀ ಶಾಸನದಲ್ಲಿ ಆಜ್ಞೆಯಿಂದ ಹುಟ್ಟದ ಒಂದು ಪದವಿದ್ದರೆ ಅದು ಇದೇ ಎಂದು ನನಗೆ ಅನ್ನಿಸುತ್ತದೆ.

ಅಶೋಕನ ಮರಣದ ಅನಂತರ ಐವತ್ತು ವರ್ಷಗಳಾಗುವುದರೊಳಗೆ ಮೌರ್ಯ ಸಾಮ್ರಾಜ್ಯ ಮುಗಿಯಿತು. ಕ್ರಮೇಣ ಬ್ರಾಹ್ಮೀ ಲಿಪಿಯನ್ನು ಓದುವವರೂ ಇಲ್ಲವಾದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಮತ್ತೆ ಓದುವವರೆಗೆ ಚಕ್ರವರ್ತಿಯ ಮಾತು ಮೂಕವಾಗಿತ್ತು. ಆದರೆ ಬಂಡೆಗಳು ಸುಮ್ಮನಿರಲಿಲ್ಲ. ಜನ ಅವನ್ನು ತಮ್ಮ ಬಾಳಿನೊಳಕ್ಕೆ ತೆಗೆದುಕೊಂಡರು. ಬ್ರಹ್ಮಗಿರಿಯ ಬಂಡೆ ಅಕ್ಷರದ ಗುಂಡು ಆಯಿತು. ಸಿದ್ದಾಪುರದ್ದು ಎಮ್ಮೆ ಕಾಯುವವನ ಹೆಸರಿನಲ್ಲಿ ಎಮ್ಮೆ ತಮ್ಮನ ಗುಂಡು ಆಯಿತು. ಜಟಿಂಗ ರಾಮೇಶ್ವರ ಬೆಟ್ಟದ್ದು ಬಳೆಗಾರರ ಗುಂಡು. ರಾವಣನೊಡನೆ ಹೋರಾಡಿ ಜಟಾಯು ಬಿದ್ದದ್ದು ಆ ಬೆಟ್ಟದಲ್ಲಿ ಎಂದು ಜನ ನಂಬುತ್ತಾರೆ. ಅಲ್ಲಿನ ಜಾತ್ರೆಯ ದಿನ ಬಳೆಗಾರರು ಆ ಬಂಡೆಯ ಮೇಲೆಯೇ ಅಂಗಡಿ ಹೂಡುತ್ತಿದ್ದರು. ಅಕ್ಷರಗಳು ಅಷ್ಟಷ್ಟೇ ಸವೆದವು. ಇದನ್ನು ಕೇಳಿ ವಿದ್ವಾಂಸರು ಮರುಗುತ್ತಾರೆ, ನಾನೂ ಮರುಗಿದ್ದೇನೆ. ಆದರೆ ದೇವರ ದರ್ಶನಕ್ಕೆಂದು ವರ್ಷಕ್ಕೊಮ್ಮೆ ಬೆಟ್ಟ ಹತ್ತಿದ ಹೆಂಗಸರು ಆ ಬಂಡೆಯ ಹತ್ತಿರ ಕುಳಿತು ಕೈಗೆ ಬಳೆ ತೊಡಿಸಿಕೊಂಡ ಚಿತ್ರವನ್ನು ಕಣ್ಣ ಮುಂದೆ ತಂದುಕೊಂಡರೆ, ಸಣ್ಣವನೂ ಸ್ವರ್ಗ ಪಡೆಯಬಲ್ಲನೆಂಬ ಬರವಣಿಗೆಯ ಮೇಲೆ ಸಣ್ಣವರೇ ಬಂದು ಕುಳಿತದ್ದು ತೀರ ಅನ್ಯಾಯವೆಂದೂ ಹೇಳಲಾರೆ.

ಈ ಸೀಮೆಯ ಶ್ರದ್ಧೆಗೆ ಅಶೋಕನಿಗಿಂತ ಹಳೆಯ ಬೇರೊಂದಿದೆ. ಬ್ರಹ್ಮಗಿರಿಯಲ್ಲಿ ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಭೂಶೋಧನೆ ನಡೆಸಿದರು. ಮೌರ್ಯರ ಕಾಲಕ್ಕಿಂತ ಬಹಳ ಹಿಂದೆಯೇ ಕಲ್ಲುಕೊಡಲಿಯ ಜನ ಇಲ್ಲಿ ನೆಲೆಸಿದ್ದರೆಂಬುದು ತಿಳಿಯಿತು. ಪಕ್ಕದ ಬಳ್ಳಾರಿ ಸೀಮೆಯ ಕುಡತಿನಿ ಮೊದಲಾದ ಕಡೆಗಳಲ್ಲಿ ಆ ಕಾಲದ ಬೂದಿಗುಡ್ಡಗಳಿವೆ. ಅವು ದನದ ಸಗಣಿ ರಾಶಿಯಾಗಿ ಉರಿದು ಉಳಿದ ಗುಡ್ಡಗಳೆಂದು ಆಲ್ಚಿನ್ ಮೊದಲಾದವರು ತೋರಿಸಿಕೊಟ್ಟರು. ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಇದು ದನಗಾಹಿಗಳ ನಾಡು. ರಾಜ್ಯದಲ್ಲಿ ತೀರ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮುರುಗಳು ಸೇರಿವೆ. ಇಲ್ಲಿ ದನವೇ ಧನ.

ಅಂಥ ನಾಡಿನಲ್ಲಿ ಎತ್ತಿನ ಎರಡು ಕಥೆಗಳು ಹುಟ್ಟಿದವು. ಒಂದು ವೇಗದ ಕಥೆ. ಮೈಸೂರಿನ ಅರಸರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದಿದ್ದ ದನದ ಇಲಾಖೆಗೆ ಟಿಪ್ಪು ಸುಲ್ತಾನ್ ಅಮೃತ ಮಹಲ್ ಎಂದು ಹೆಸರಿಟ್ಟ. ಅದರ ಮೇವಿಗೆಂದು ಮೀಸಲಾದ ಹುಲ್ಲುಗಾವಲುಗಳೇ ಅಮೃತ ಮಹಲ್ ಕಾವಲುಗಳು. ಚಳ್ಳಕೆರೆ ಸೀಮೆಯಲ್ಲಿ ಅವು ವಿಸ್ತಾರವಾಗಿದ್ದವು. ಆ ಎತ್ತುಗಳು ಓಟಕ್ಕೆ, ತಾಳಿಕೆಗೆ ಹೆಸರಾದವು. ಹೈದರ್ ಮತ್ತು ಟಿಪ್ಪುವಿನ ಫಿರಂಗಿಗಳನ್ನು ಎಳೆದವೂ ಅವೇ. ಟಿಪ್ಪು ಸೋತ ಮೇಲೆ ಆರ್ಥರ್ ವೆಲ್ಲೆಸ್ಲಿ 1803ರಲ್ಲಿ ಮರಾಠರ ಮೇಲೆ ಹೋದಾಗ ಅವನ ಫಿರಂಗಿಗಳನ್ನು ಎಳೆದವೂ ಅವೇ. ಯಜಮಾನ ಬದಲಾದ, ನೊಗ ಬದಲಾಗಲಿಲ್ಲ.

ಇನ್ನೊಂದು ನಿಧಾನದ ಕಥೆ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮ್ಯಾಸಬೇಡರಲ್ಲಿ ದೇವರ ಎತ್ತುಗಳೆಂಬ ಹಿಂಡುಗಳಿವೆ. ಗಾದ್ರಿ ಪಾಲನಾಯಕ, ಜಗಳೂರು ಪಾಪನಾಯಕ ಮೊದಲಾದ ವೀರರೇ ಅವರಲ್ಲಿ ದೇವರಾದರು. ದನ ಸಾಕಿದ ವೀರರವರು. ಅವರ ಹೆಸರಿನಲ್ಲಿ ಬಿಟ್ಟ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಗಾಡಿ ಕಟ್ಟುವುದಿಲ್ಲ, ಅವನ್ನು ಮಾರುವುದಿಲ್ಲ. ಸತ್ತರೆ ಮನುಷ್ಯರಿಗೆ ಮಾಡುವಂತೆ ಮರ್ಯಾದೆಯಿಂದ ಮಣ್ಣು ಮಾಡುತ್ತಾರೆ. ಅವನ್ನು ಕಾಯುವವನು ಕಿಲಾರಿ. ಕಿಲಾರಿಯ ಬಾಳು ಹಿಂಡಿನ ಹಿಂದೆ ನಡೆಯುವ ಬಾಳು. ಮೇವು ಇರುವ ಕಡೆ ಹಿಂಡು, ಹಿಂಡು ಇರುವ ಕಡೆ ಕಿಲಾರಿ. ಅವನ ಗಡಿಯಾರ ಎತ್ತಿನ ಹೆಜ್ಜೆ.

ಪಟ್ಟಣದವರಾದ ನಮಗೆ ಇದು ಚೆಲುವಾದ ಒಂದು ಆಚರಣೆಯಾಗಿ ಮಾತ್ರ ಕಾಣಬಹುದು. ಇದರ ಬೆಲೆ ತಿಳಿಯಬೇಕಾದರೆ ರೈತನ ಲೆಕ್ಕದಲ್ಲಿ ನೋಡಬೇಕು. ಮಳೆ ಬಂದ ನಾಲ್ಕು ದಿನದೊಳಗೆ ಬಿತ್ತನೆ ಮುಗಿಯದಿದ್ದರೆ ವರ್ಷವೇ ಹೋದಂತೆ ಎನ್ನುವ ನೆಲ ಇದು. ಒಂದು ಜೊತೆ ಎತ್ತಿಗಾಗಿ ಪಕ್ಕದ ಮನೆಯ ಬಾಗಿಲಲ್ಲಿ ನಿಲ್ಲಬೇಕಾದ ಬಡತನ ಇಲ್ಲಿತ್ತು. ಅಂಥ ಹೊತ್ತಿನಲ್ಲೂ ಮೈತುಂಬಿಕೊಂಡ ಎತ್ತು ಕಣ್ಣೆದುರಿಗೇ ಮೇಯುತ್ತಿದೆ, ಅದನ್ನು ಹೂಡುವಂತಿಲ್ಲ. ಇದಕ್ಕೆ ನಮ್ಮ ಭಾಷೆಯಲ್ಲಿ ಒಂದು ಒಳ್ಳೆಯ ಮಾತಿದೆ: ಮೀಸಲು. ಮೀಸಲು ಎಂದರೆ ಮಿಕ್ಕದ್ದಲ್ಲ. ಉಂಡು ಉಳಿದದ್ದನ್ನು ದೇವರಿಗೆ ಕೊಡುವುದು ಮೀಸಲಾಗುವುದಿಲ್ಲ. ಬೇಕಾದದ್ದನ್ನೇ, ಬೇಕಾದ ಹೊತ್ತಿನಲ್ಲೇ, ಮೊದಲು ತೆಗೆದಿಡುವುದು ಮೀಸಲು.

ಅಶೋಕನ ಪಕಮ ಮತ್ತು ಕಿಲಾರಿಯ ಮೀಸಲು, ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಅವಸರದ ಬಾಳಿನಲ್ಲಿ ಶ್ರದ್ಧೆಯ ಸ್ಥಾನ ಯಾವುದೆಂಬ ಪ್ರಶ್ನೆ ನನಗೆ ಸ್ವಲ್ಪ ಬಿಡಿಸಿದಂತಾಯಿತು. ಒಬ್ಬನು ಇನ್ನಷ್ಟು ದುಡಿ ಎನ್ನುತ್ತಾನೆ. ಇನ್ನೊಬ್ಬನು ಒಂದನ್ನು ದುಡಿಮೆಯಿಂದ ಹೊರಗಿಡು ಎನ್ನುತ್ತಾನೆ. ಇವೆರಡೂ ಬೇರೆ ಬೇರೆ ದಾರಿಗಳು, ಒಂದೇ ಎಂದು ಸುಲಭವಾಗಿ ಹೇಳಬಾರದು. ಇವೆರಡರ ನಡುವೆ ಸೇತುವೆ ಕಟ್ಟಿದವರೂ ಈ ಸೀಮೆಯಲ್ಲಿ ಆಗಿಹೋಗಿದ್ದಾರೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದರೆಂದು ಜನ ನೆನೆಯುತ್ತಾರೆ. ಸಂಜೆ ಪ್ರತಿಯೊಬ್ಬ ಕೂಲಿಕಾರನೂ ಮರಳಿನ ಗುಡ್ಡೆ ಮಾಡಬೇಕು, ಅದರಲ್ಲಿ ಅವನು ದುಡಿದಷ್ಟು ಕೂಲಿ ಅವನಿಗೆ ಸಿಗುತ್ತಿತ್ತು ಎಂಬ ಕಥೆಯನ್ನು ಹೇಳುತ್ತಾರೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಸ್ವಾಮಿಗಳ ಮಾತು ಆ ಕಡೆ ಎಲ್ಲರ ಬಾಯಲ್ಲೂ ಇದೆ. ಬರದ ನಾಡಿನಲ್ಲಿ ಕೆರೆ ಅಗೆಯುವುದೇ ಪೂಜೆಯಾದರೆ, ಪೂಜೆಗೆ ಪುರುಸೊತ್ತಿಲ್ಲ ಎಂಬ ಮಾತಿಗೆ ಜಾಗವೆಲ್ಲಿ? ಆದರೆ ಅವರ ಹೆಸರಿನ ಜಾತ್ರೆ ಬಂದಾಗ ಫಾಲ್ಗುಣದ ಬಿಸಿಲಲ್ಲಿ ಲಕ್ಷಾಂತರ ಜನ ಕೆಲಸ ಬಿಟ್ಟು ಬಂದು ರಥದ ಮುಂದೆ ಕೊಬ್ಬರಿ ಸುಡುತ್ತಾರೆ. ದುಡಿಮೆಯೇ ಪೂಜೆಯೆಂದ ಗುರುವಿಗೂ ಜನ ಒಂದು ದಿನವನ್ನು ಮೀಸಲಿಟ್ಟರು.

ಈಗ ಈ ನೆಲದ ಮೇಲೆ ಹೊಸ ವೇಗ ಬಂದಿದೆ. 2009ರ ಸುಮಾರಿನಿಂದೀಚೆಗೆ ಚಳ್ಳಕೆರೆಯ ಕಾವಲುಗಳಲ್ಲಿ ಸಾವಿರಾರು ಎಕರೆ ಭೂಮಿ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುವಿಜ್ಞಾನ ಮೊದಲಾದ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಅಲ್ಲಿನ ವಿಮಾನ ಪರೀಕ್ಷಾ ನೆಲೆಯಲ್ಲಿ 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆ ಮರುಬಳಕೆಯ ಉಡ್ಡಯನ ವಾಹನದ ಮಾದರಿಯೊಂದನ್ನು ಹೆಲಿಕಾಪ್ಟರಿನಿಂದ ಕೆಳಗೆ ಬಿಟ್ಟು, ತಾನೇ ತಾನಾಗಿ ನೆಲಕ್ಕಿಳಿಯುವಂತೆ ಮಾಡಿತು. ಗಂಟೆಗೆ 350 ಕಿಲೋಮೀಟರ್ ವೇಗದಲ್ಲಿ ಅದು ನೆಲ ಮುಟ್ಟುವಂಥದು. ಆ ಕೆಲಸ ಮಾಡಿದವರದೂ ಪಕಮವೇ. ನಿದ್ದೆಗೆಟ್ಟು ದುಡಿದವರನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಕಾವಲಿಗೆ ಗೋಡೆ ಎದ್ದಾಗ ಕುರಿಯವರೂ ದನದವರೂ ತಮ್ಮ ಮೇವಿನ ನೆಲ ಹೋಯಿತೆಂದು ಮೊರೆಯಿಟ್ಟರು, ನ್ಯಾಯಮಂಡಳಿಯವರೆಗೂ ಹೋದರು. ಶ್ರದ್ಧೆ ಮನಸ್ಸಿನೊಳಗಿನ ವಿಷಯ, ಅದಕ್ಕೆ ನೆಲವೇಕೆ ಎಂದು ಪುಸ್ತಕ ಓದಿದವರು ಕೇಳಬಹುದು. ಕಿಲಾರಿಯ ಶ್ರದ್ಧೆಗೆ ನೆಲ ಬೇಕು, ಹುಲ್ಲು ಬೇಕು, ಎತ್ತು ನಡೆಯುವಷ್ಟು ದಾರಿ ಬೇಕು. ನೊಗವಿಲ್ಲದ ಎತ್ತನ್ನು ಮನಸ್ಸಿನೊಳಗೆ ಮೇಯಿಸಲು ಬರುವುದಿಲ್ಲ. ಬರಗಾಲ ಬಂದ ವರ್ಷಗಳಲ್ಲಿ ದೇವರ ಎತ್ತುಗಳಿಗೆ ಮೇವಿಲ್ಲದೆ ಕಿಲಾರಿಗಳು ದಾನಿಗಳ ಮುಖ ನೋಡುವಂತಾಗಿದೆ. ನಾವು ಅವಸರಕ್ಕೆ ಒಳಗಾಗುವುದರ ಜೊತೆಗೆ, ಅವಸರವಿಲ್ಲದವರ ಜಾಗವನ್ನೂ ಕಸಿದುಕೊಳ್ಳುತ್ತಿದ್ದೇವೆ. ಇದಕ್ಕೆ ಉಪಾಯವೇನೆಂಬುದನ್ನು ಭಾಷಣ ಮಾಡುವವನಿಗಿಂತ ಭೂಮಿಯನ್ನು ಹಂಚುವವರು ಯೋಚಿಸಬೇಕು.

ಮತ್ತೆ ಕೊಂಡ್ಲಹಳ್ಳಿಯ ಹಿರಿಯರ ಬಳಿಗೆ ಬರುತ್ತೇನೆ. ಅಂದು ಬ್ರಹ್ಮಗಿರಿಯನ್ನು ನೋಡಿ ಹಿಂದಿರುಗುವಾಗ ಅವರ ಮಾತಿನ ಕೊನೆಯ ಭಾಗ ನನ್ನ ತಲೆಯಲ್ಲಿ ಸುತ್ತತೊಡಗಿತು. ದೇವರಿಗೆ ಬಿಟ್ಟ ಹೋರಿ ಒಂದಿದೆ ಎಂದಿದ್ದರು. ಪುರುಸೊತ್ತಿಲ್ಲವೆಂಬುದನ್ನು ಮಾತ್ರ ಕೇಳಿಸಿಕೊಂಡ ನಾನು ಇದನ್ನು ಕೇಳಿಯೂ ಕೇಳದವನಂತಿದ್ದೆ. ಆಳು ಸಿಗದೆ, ಮೋಡದ ಭಯದಲ್ಲಿ, ಬಸ್ಸಿಗಾಗಿ ಎದ್ದು ಕೂತು ಮಾಡುತ್ತಿದ್ದ ಆ ಮನುಷ್ಯ ತನ್ನ ಮನೆಯ ಒಂದು ಹೋರಿಯನ್ನು ಎಂದೋ ಮೀಸಲಿಟ್ಟುಬಿಟ್ಟಿದ್ದರು. ಮೇವು ಕಳಿಸಲು ತಡವಾಯಿತೆಂದು ಅವರಿಗೆ ನೋವಿತ್ತು. ಶ್ರಮಪಡಲಿಲ್ಲವೆಂದು ದೊರೆ ಬಂಡೆಯ ಮೇಲೆ ಬರೆಸಿದ್ದೂ ಇಂಥ ನೋವನ್ನೇ ಅಲ್ಲವೆ? ಇಬ್ಬರಿಗೂ ಬಿಡುವಿರಲಿಲ್ಲ. ಇಬ್ಬರೂ ಅದನ್ನು ತಮ್ಮ ಕೊರತೆಯೆಂದು ಬಲ್ಲವರಾಗಿದ್ದರು.

ನನ್ನ ವಿಷಯ ಬೇರೆ. ನೌಕರಿಯಲ್ಲಿದ್ದಷ್ಟು ದಿನ, ನಿವೃತ್ತಿಯಾಗಲಿ, ಆಮೇಲೆ ಎಲ್ಲವನ್ನೂ ನೆಮ್ಮದಿಯಾಗಿ ಮಾಡೋಣ ಎಂದುಕೊಂಡವನು ನಾನು. ತಾಯಿ ಇದ್ದಾಗ ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ನಿಮಿಷ ಬಂದು ನಿಂತುಕೋ ಎಂದು ಕರೆಯುತ್ತಿದ್ದಳು. ಉತ್ತರಪತ್ರಿಕೆಗಳನ್ನು ತಿದ್ದುತ್ತ, ಬಂದೆ ಅಮ್ಮ, ಎಂದು ಕುಳಿತಲ್ಲೇ ಹೇಳುತ್ತಿದ್ದೆ. ನಿವೃತ್ತಿ ಬಂತು, ಪುರುಸೊತ್ತೂ ಬಂತು. ಕರೆಯುವವರು ಇರಲಿಲ್ಲ. ಬಿಡುವು ಸಿಕ್ಕಿದೊಡನೆ ಶ್ರದ್ಧೆ ತಾನಾಗಿ ಬಂದು ಕೂರುತ್ತದೆಂಬುದು ಸುಳ್ಳು ಎಂದು ಆಗ ತಿಳಿಯಿತು. ಮೀಸಲು ಇಡದವನಿಗೆ ಎಷ್ಟು ಬಿಡುವಿದ್ದರೂ ಅದು ಮಿಕ್ಕದ್ದೇ.

ಆದ್ದರಿಂದ ಆ ಹಿರಿಯರಿಗೆ ನಾನು ಹೇಳಬೇಕಾಗಿದ್ದ ಉತ್ತರ ಕೊನೆಗೆ ಬಹಳ ಚಿಕ್ಕದು: ಯಜಮಾನ್ರೇ, ದೊರೆಗೂ ಪುರುಸೊತ್ತಿರಲಿಲ್ಲ, ಆದರೆ ಅವನು ಬರೆಸಿದ್ದನ್ನು ನೀವು ಓದದೆಯೇ ನಡೆಸುತ್ತಿದ್ದೀರಿ, ಓದಿದ ನಾನು ಇನ್ನೂ ಮೊದಲನೆಯ ವರ್ಷದಲ್ಲಿದ್ದೇನೆ.

ಕೊನೆಯದಾಗಿ ಒಂದು ಮಾತು. ಆ ಶಾಸನ ಕುಶಲಪ್ರಶ್ನೆಯಿಂದ ಮೊದಲಾಗುತ್ತದೆಂದು ಹೇಳಿದೆನಷ್ಟೆ. ಇಸಿಲದ ಅಧಿಕಾರಿಗಳ ಆರೋಗ್ಯವನ್ನು ಮೊದಲು ವಿಚಾರಿಸಬೇಕು, ಆಮೇಲೆ ಚಕ್ರವರ್ತಿಯ ಅಪ್ಪಣೆಯನ್ನು ತಿಳಿಸಬೇಕು ಎಂಬ ಕ್ರಮ ಅದು. ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಗಟ್ಟಿಯಾಗಿರಬೇಕು, ಸತ್ಯ ನುಡಿಯಬೇಕು, ಗುರುವನ್ನು ಗೌರವಿಸಬೇಕು, ನೆಂಟರಲ್ಲಿ ತಕ್ಕಂತೆ ನಡೆದುಕೊಳ್ಳಬೇಕು, ಇದು ಪುರಾತನ ನಡತೆ ಎಂದೆಲ್ಲ ಅವನು ಹೇಳುವುದು ಆಮೇಲಿನ ಮಾತು. ನಮ್ಮ ಹಿರಿಯರೂ ಕಾಗದ ಬರೆಯುವಾಗ ಎಷ್ಟೇ ಅವಸರದ ಸುದ್ದಿಯಿರಲಿ, ಇತ್ತ ನಾವೆಲ್ಲ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಬರೆದಲ್ಲದೆ ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲ. ಆ ಎರಡು ಸಾಲುಗಳೂ ಒಂದು ಮೀಸಲೇ. ಇಂದು ನಾವು ಒಬ್ಬರಿಗೊಬ್ಬರು ಕಳಿಸುವ ಸಂದೇಶಗಳಿಂದ ಮೊದಲು ಬಿದ್ದುಹೋದವು ಆ ಸಾಲುಗಳು. ಶ್ರದ್ಧೆಯನ್ನು ಎಲ್ಲಿಂದ ಮತ್ತೆ ಆರಂಭಿಸಬೇಕೆಂದು ನನ್ನಂಥವರು ಕೇಳಿದರೆ, ಅಲ್ಲಿಂದ ಆರಂಭಿಸಬಹುದೆಂದು ನನಗೆ ತೋರುತ್ತದೆ.

ಕೇಳುತ್ತಿರುವ ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ.